ಹೊಟ್ಟೆ ನನ್ನದು, ಗುಳಿಗೆ ಎಲ್ಲರದು

ಮಗಳು ನನ್ನವಳು, ಹೊಟ್ಟೆಯೂ ನನ್ನದೇ. ಆದರೆ ಈ ಎರಡರ ಬಗ್ಗೆ ತೀರ್ಮಾನ ಮಾಡುವ ಹಕ್ಕು ಮಾತ್ರ ನನ್ನೊಬ್ಬನನ್ನು ಬಿಟ್ಟು ಉಳಿದವರಿಗೆಲ್ಲ ಇತ್ತು. ಮಗಳ ಮದುವೆಗೆ ಇನ್ನೊಂದು ತಿಂಗಳಿದೆ ಎನ್ನುವಾಗ, ಮುಂಬೈ ಪಕ್ಕದ ಡೊಂಬಿವಲಿಯ ನಮ್ಮ ಮನೆಯಲ್ಲಿ, ನನ್ನದೇ ಸೋಫಾದ ಮೇಲೆ ಕುಳಿತು, ನನ್ನದೇ ಚಹಾ ಕುಡಿಯುತ್ತ ನನ್ನ ಮೈದುನ, ಅಂದರೆ ಹೆಂಡತಿಯ ತಮ್ಮ, ಬಾಯಿ ತೆರೆದ.

“ಭಾವಾ, ತಪ್ಪು ತಿಳೀಬ್ಯಾಡ್ರಿ. ಧಾರಿ ನಾನೂ ನನ್ನ ಹೆಂಡತಿ ಎರೀತೇವಿ. ಸೋದರಮಾವ ಎರದ್ರ ಶಾಸ್ತ್ರಕ್ಕೇನೂ ಅಡ್ಡಿ ಇಲ್ಲ. ನಿಮ್ಮ ಹೊಟ್ಟಿ ನಂಬಿ ಮುಹೂರ್ತ ಇಟಗೊಳ್ಳೂದು ಹ್ಯಾಂಗ್ರಿ?”

ನಾನು ಹೆಂಡತಿಯ ಮುಖ ನೋಡಿದೆ. ಅವಳು ಬಿಸ್ಕಿಟಿನ ತಟ್ಟೆ ನೋಡಿದಳು. ಅಕ್ಕ-ತಮ್ಮ ಮೊದಲೇ ಮಾತಾಡಿಕೊಂಡಿದ್ದಾರೆ, ನನಗೆ ಬರೀ ಸುದ್ದಿ ಮುಟ್ಟಿಸುತ್ತಿದ್ದಾರೆ ಎಂದು ಅರ್ಥವಾಯಿತು.

ಅವರ ಹೆದರಿಕೆ ಏನೆಂದು ನನಗೆ ಗೊತ್ತಿರಲಿಲ್ಲವೆಂದಲ್ಲ. ಧಾರೆಗೆ ಕುಳಿತ ಹೆಣ್ಣಿನ ತಂದೆ ನಡುವೆ ಏಳುವಂತಿಲ್ಲ. ಎದ್ದು ಪಾಯಖಾನೆಗೆ ಹೋದರೆ ಮಡಿ ಹೋಯಿತು. ಮತ್ತೆ ತಲೆಯ ಮೇಲೆ ನೀರು ಹಾಕಿಕೊಂಡು, ಬೇರೆ ಮಡಿ ಧೋತರ ಉಟ್ಟು ಬರಬೇಕು. ಅಷ್ಟರಲ್ಲಿ ಮುಹೂರ್ತ ಮೀರುತ್ತದೆ, ಬೀಗರು ಮುಖ ಮುಖ ನೋಡಿಕೊಳ್ಳುತ್ತಾರೆ, ವಿಡಿಯೊದವನು ಕ್ಯಾಮೆರಾ ಕೆಳಗಿಟ್ಟು ಬಾಗಿಲ ಕಡೆ ನೋಡುತ್ತಾನೆ. ಎಲ್ಲ ಸರಿ. ಆದರೆ ಹೆತ್ತ ಮಗಳನ್ನು ಧಾರೆ ಎರೆಯಬೇಕೋ ಬೇಡವೋ ಎಂಬುದನ್ನು ಚಿವಡಾ ಮೆಲ್ಲುತ್ತ ಇನ್ನೊಬ್ಬ ಹೇಳುವುದೇ? ನಾನೇನು ಸತ್ತಿದ್ದೇನೆಯೇ?

“ನಾ ಇನ್ನೂ ಬದುಕೀನಿ,” ಎಂದೆ. “ಧಾರಿ ನಾನೇ ಎರೀತೀನಿ. ನೀ ಊಟಕ್ಕ ಬಾ.”

ಆವತ್ತು ಶುರುವಾದ ಜಗಳ ಮದುವೆಯ ದಿನದವರೆಗೂ ಮುಗಿಯಲಿಲ್ಲ.

ನನ್ನ ಕಾಯಿಲೆಗೆ ಐಬಿಎಸ್ ಎನ್ನುತ್ತಾರೆ. ಕರುಳು ನೋಡಲು ಚೆನ್ನಾಗಿಯೇ ಇರುತ್ತದೆ, ಸ್ಕ್ಯಾನ್ ಮಾಡಿದರೂ ದುರ್ಬೀನು ಹಾಕಿ ನೋಡಿದರೂ ಎಲ್ಲ ನಾರ್ಮಲ್. ಆದರೆ ಬೆಳಿಗ್ಗೆ ಬೂಟು ಹಾಕಿಕೊಳ್ಳುವ ಹೊತ್ತಿಗೆ ಸರಿಯಾಗಿ ಹೊಟ್ಟೆ ತಿರುಚುತ್ತದೆ. ಹೋಗಿ ಬಂದು ಮತ್ತೆ ಬೂಟು ಹಾಕಿಕೊಂಡರೆ ಮತ್ತೆ ತಿರುಚುತ್ತದೆ. ವರ್ಷಗಟ್ಟಲೆ ನಾನು ಡೊಂಬಿವಲಿಯಿಂದ ಠಾಣೆ ಶಹರಕ್ಕೆ, ಅಲ್ಲಿ ಗಾಡಿ ಬದಲಿಸಿ ನವಿ ಮುಂಬೈಯ ಆಫೀಸಿಗೆ ಹೀಗೆಯೇ ಓಡಾಡಿದೆ. ಲೋಕಲ್ ಗಾಡಿಯಲ್ಲಿ ಪಾಯಖಾನೆ ಇಲ್ಲ. ಕಾಲಿಡಲು ಜಾಗವಿಲ್ಲದ ಡಬ್ಬಿಯಲ್ಲಿ, ಯಾರದೋ ಮೊಣಕೈ ಪಕ್ಕೆಲುಬಿಗೆ ಚುಚ್ಚುತ್ತಿರುವಾಗ, ಬೆನ್ನಿನಲ್ಲಿ ತಣ್ಣನೆ ಬೆವರು ಇಳಿಯುತ್ತ, ಮುಂದಿನ ಸ್ಟೇಷನ್ ಬರಲಿ ಎಂದು ದೇವರನ್ನು ನೆನೆದವರಿಗೆ ಗೊತ್ತು ನಾನು ಏನು ಹೇಳುತ್ತಿದ್ದೇನೆಂದು. ಸ್ಟೇಷನ್ ಬಂದರೂ ಆಯಿತೇ? ಒಂದು ಕಡೆ ಬೀಗ, ಇನ್ನೊಂದು ಕಡೆ ನೀರಿಲ್ಲ, ಮತ್ತೊಂದು ಕಡೆ ಬಾಗಿಲೇ ಇಲ್ಲ. ಜನ ಹೊಸ ಊರಿಗೆ ಹೋದರೆ ಗುಡಿ ಎಲ್ಲಿದೆ, ಖಾನಾವಳಿ ಎಲ್ಲಿದೆ ಎಂದು ಕೇಳುತ್ತಾರೆ. ನಾನು ಕೇಳುವುದು ಒಂದೇ ಪ್ರಶ್ನೆ.

ಅದಕ್ಕೇ ನಮ್ಮ ಗಾಡಿಯಲ್ಲಿ ಎಷ್ಟೋ ಜನರ ಅಂಗಿ ಜೇಬಿನಲ್ಲಿ ಪಾಸಿನ ಜೊತೆ ಒಂದು ಗುಳಿಗೆಯ ಹಾಳೆ ಇರುತ್ತದೆ. ಲೋಪೆರಮೈಡ್ ಅಂತ ಅದರ ಹೆಸರು, ನಾವು ಕರೆಯುವುದು ಬಂದ್ ಗುಳಿಗೆ. ಕರುಳಿನ ಓಟ ನಿಲ್ಲಿಸಿಬಿಡುತ್ತದೆ. ಸ್ಟೇಷನ್ ಹೊರಗಿನ ಮೆಡಿಕಲ್ ಅಂಗಡಿಯವನು ಚೀಟಿ ಗೀಟಿ ಕೇಳದೆ ಪೆಪ್ಪರಮಿಂಟಿನ ಹಾಗೆ ಕತ್ತರಿಸಿ ಕೊಡುತ್ತಾನೆ. ಅತಿಸಾರಕ್ಕೆ ಮೊದಲು ಬೇಕಾದದ್ದು ಉಪ್ಪು-ಸಕ್ಕರೆಯ ನೀರು, ಅದನ್ನು ಯಾರೂ ಕೇಳುವುದಿಲ್ಲ. ಕೆಲಸಕ್ಕೆ ಹೋಗಬೇಕಲ್ಲ, ಓಟ ನಿಂತರೆ ಸಾಕು!

ಡಾಕ್ಟರುಗಳ ಕಥೆ ಹೇಳಿದರೆ ನನಗೇ ಬಿ.ಪಿ. ಏರುತ್ತದೆ. ಒಬ್ಬ ಎರಡು ಆಂಟಿಬಯೋಟಿಕ್ ಒಂದೇ ಗುಳಿಗೆಯಲ್ಲಿ ಸೇರಿಸಿದ್ದನ್ನು ಬರೆದುಕೊಟ್ಟ, ಸೋಂಕು ಇದೆಯೋ ಇಲ್ಲವೋ ನೋಡಲಿಲ್ಲ. ವಾರವಿಡೀ ಬಾಯಲ್ಲಿ ತುಕ್ಕು ಹಿಡಿದ ಮೊಳೆ ಇಟ್ಟುಕೊಂಡ ರುಚಿ. ಕಲ್ಯಾಣದಲ್ಲಿ ಇನ್ನೊಬ್ಬ ಕರುಳಿನ ಹಿಡಿತ ಸಡಿಲಿಸುವ ಗುಳಿಗೆ ಕೊಟ್ಟ. ಅದೇನೋ ನೋವಿಗೆ ಸ್ವಲ್ಪ ಆಗುತ್ತಿತ್ತು, ಸುಳ್ಳು ಹೇಳಬಾರದು, ಆದರೆ ಓಟ ನಿಲ್ಲಲಿಲ್ಲ. ಆಮೇಲೆ ಒಳ್ಳೆಯ ಕ್ರಿಮಿಗಳ ಪುಡಿ. ಆಮೇಲೆ ಇಸಬ್ಗೋಲ್. ಮಲ ಗಟ್ಟಿಯಾದವರಿಗೂ ಇಸಬ್ಗೋಲ್, ತೆಳುವಾದವರಿಗೂ ಇಸಬ್ಗೋಲ್! ಏನೂ ಹತ್ತದಿದ್ದಾಗ ಎಲ್ಲರೂ ಕೊನೆಗೆ ಹೇಳುತ್ತಿದ್ದದ್ದು ಒಂದೇ, “ಟೆನ್ಶನ್ ತಗೋಬೇಡಿ.” ಟೆನ್ಶನ್ ಏನು ನಾನು ಬಜಾರಿನಿಂದ ಚೀಲ ಹಿಡಿದು ತರುತ್ತೇನೆಯೇ?

ಊರವರ ಔಷಧಿ ಬೇರೆ. ನಮ್ಮ ಕಡೆಯವರಲ್ಲಿ ಹೊಟ್ಟೆ ಕೆಟ್ಟಿದೆ ಎಂದು ಬಾಯಿ ತಪ್ಪಿ ಅಂದರೆ ಮುಗಿಯಿತು. ಮೆಂತ್ಯೆ ಮಜ್ಜಿಗೆ, ದಾಳಿಂಬೆ ಸಿಪ್ಪೆ, ಸುಟ್ಟ ಓಮ, ಜಾಯಿಕಾಯಿ ತೇಯ್ದ ನೀರು. ಟಿಟ್ವಾಳಾದಲ್ಲಿರುವ ನನ್ನ ಅಕ್ಕ ಅಲ್ಲಿಯ ಗಣಪತಿಗೆ ನನ್ನ ಹೆಸರಲ್ಲಿ ಇಪ್ಪತ್ತೊಂದು ಮೋದಕ ಹರಸಿಕೊಂಡಳು. ಆ ಮೋದಕ ನಾನೇ ತಿನ್ನಬೇಕಾಯಿತು. ತಿಂದು ಏನಾಯಿತು ಎಂದು ಬರೆಯುವುದಿಲ್ಲ. ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ ಅನ್ನುತ್ತಾರಲ್ಲ, ಹಾಗಿತ್ತು ನನ್ನ ಬದುಕು.

ಕೊನೆಗೆ ಠಾಣೆಯಲ್ಲಿ ಕೆರೆಯ ಹತ್ತಿರದ ಒಂದು ಹಳೆಯ ಕಟ್ಟಡದಲ್ಲಿ ಒಬ್ಬ ಡಾಕ್ಟರಮ್ಮ ಸಿಕ್ಕರು. ಅವರು ಮೊದಲು ಕೇಳಿದರು, ಆಮೇಲೆ ಬರೆದರು. ರಕ್ತ ಹೋಗುತ್ತದೆಯೇ, ಜ್ವರ ಬರುತ್ತದೆಯೇ, ತೂಕ ಇಳಿದಿದೆಯೇ, ನಿದ್ದೆಯಿಂದ ಎಬ್ಬಿಸುತ್ತದೆಯೇ? ಯಾವುದೂ ಇಲ್ಲ ಎಂದೆ. ಮರಾಠಿಯಲ್ಲಿ ನಿಧಾನವಾಗಿ ತಿಳಿಸಿ ಹೇಳಿದರು. ಹೊಟ್ಟೆಯಲ್ಲೂ ನರಗಳಿವೆಯಂತೆ. ನನ್ನವು ಸಣ್ಣದಕ್ಕೂ ದೊಡ್ಡ ದನಿಯಲ್ಲಿ ಕೂಗಾಡುತ್ತವಂತೆ. ನನ್ನ ಹೊಟ್ಟೆಗೂ ನನಗೂ ರಕ್ತಸಂಬಂಧವಿದೆ ಎಂದು ಆಗ ನನಗೆ ಖಾತ್ರಿಯಾಯಿತು.

ಅವರು ಕೊಟ್ಟದ್ದು ಮಲಗುವ ಮುಂಚೆ ತೆಗೆದುಕೊಳ್ಳುವ ಒಂದು ಪುಟ್ಟ ಗುಳಿಗೆ. “ಇದು ಹೆಚ್ಚು ಪ್ರಮಾಣದಲ್ಲಿ ಮನಸ್ಸು ಕುಸಿದವರಿಗೆ ಕೊಡುವ ಔಷಧಿ. ನಿಮಗೆ ಕೊಡುತ್ತಿರುವುದು ಚಿಟಿಕೆಯಷ್ಟು, ಹೊಟ್ಟೆಯ ನರಗಳಿಗೆ,” ಎಂದರು. ಬಾಯಿ ಒಣಗಬಹುದು, ಎದ್ದು ನಿಂತಾಗ ತಲೆ ಸುತ್ತಬಹುದು, ನೀರು ಚೆನ್ನಾಗಿ ಕುಡಿಯಬೇಕು. ಬಂದ್ ಗುಳಿಗೆ ಬೇಕೇಬೇಕು ಅನ್ನಿಸಿದ ದಿನ ಮಾತ್ರ, ಅದೂ ಒಂದೇ. ಜ್ವರವೋ ರಕ್ತವೋ ಕಂಡರೆ ಮುಟ್ಟಲೇಬಾರದು. “ಕರುಳನ್ನು ನಿಲ್ಲಿಸುವ ಗುಳಿಗೆ ಅಂತ ಆಟ ಆಡಬೇಡಿ. ಅತಿಯಾದರೆ ಎದೆಯ ಬಡಿತವನ್ನೂ ಕೆಡಿಸುತ್ತದೆ,” ಎಂದು ಬೆರಳೆತ್ತಿ ಹೇಳಿದರು.

ಕೆಲವು ವಾರಗಳಲ್ಲಿ ನಾನು ಮನುಷ್ಯನಾದೆ. ಬೂಟು ಒಂದೇ ಸಲ ಹಾಕಿಕೊಂಡು ಮನೆ ಬಿಡುವುದು ಎಂಥ ಸುಖ ಎಂದು ಆರೋಗ್ಯವಂತರಿಗೆ ಹೇಗೆ ಹೇಳುವುದು? ಗಾಡಿಯಲ್ಲಿ ಕಿಟಕಿಯಾಚೆ ಖಾಡಿಯ ಹಿನ್ನೀರು ಕಾಣುತ್ತದೆ ಎಂಬುದನ್ನು ನಾನು ಎಷ್ಟೋ ವರ್ಷಗಳ ಮೇಲೆ ಗಮನಿಸಿದೆ.

ಈ ಸುಖಕ್ಕೆ ಕಲ್ಲು ಹಾಕಿದವನು ಮೈದುನ. ಅವನಿರುವುದು ಘೋಡಬಂದರ್ ರಸ್ತೆಯ ಎತ್ತರದ ಟವರಿನಲ್ಲಿ, ಕೆಲಸ ಔಷಧಿಗಳ ಹೋಲ್‌ಸೇಲ್ ಅಂಗಡಿಯೊಂದರಲ್ಲಿ ಬಿಲ್ ಮಾಡುವುದು. ಬಿಲ್ ಮಾಡಿ ಮಾಡಿ ತಾನು ಅರ್ಧ ಡಾಕ್ಟರ್ ಎಂದು ಅವನಿಗೆ ನಂಬಿಕೆ, ನಮ್ಮ ಮನೆಯವರಿಗೆ ಪೂರ್ತಿ ಡಾಕ್ಟರ್ ಎಂದು ನಂಬಿಕೆ. ಗಣಪತಿ ಹಬ್ಬಕ್ಕೆ ಬಂದವನು ಫ್ರಿಜ್ ಮೇಲಿದ್ದ ನನ್ನ ಗುಳಿಗೆಯ ಹಾಳೆ ಎತ್ತಿ, ಕನ್ನಡಕ ಹಣೆಗೇರಿಸಿ ಓದಿ, ಆರತಿಗೆ ಸೇರಿದ್ದವರ ಮುಂದೆಯೇ ಕೇಳಿದ.

“ಭಾವಾ, ಇದು ಡಿಪ್ರೆಶನ್ ಗುಳಿಗಿ ಅದ ಅಲ್ರೀ! ಮೆಂಟಲ್ ಪೇಶಂಟಿಗೆ ಕೊಡ್ತಾರ. ನಿಮಗ ಯಾರು ಕೊಟ್ರು?”

ಹೆಂಡತಿ ಅಡುಗೆಮನೆಗೆ ಹೋಗಿ ಅತ್ತಳು. ಅಕ್ಕ ನನ್ನ ತಲೆ ಸವರಿ “ಏನಾಗ್ಯದೋ ತಮ್ಮಾ, ನನ್ನ ಮುಂದ ಹೇಳು” ಎಂದಳು. ಹೊಟ್ಟೆ ಕೆಟ್ಟಿದೆ ಅಂದಾಗ ನಗುತ್ತಿದ್ದವರು, ತಲೆ ಕೆಟ್ಟಿದೆ ಅಂದಾಗ ಪಿಸುಗುಟ್ಟತೊಡಗಿದರು. ನಾನು ಎಷ್ಟು ಬಿಡಿಸಿ ಹೇಳಿದರೂ ಕೇಳುವವರು ಯಾರು? ಜೋರಾಗಿ ಹೇಳಿದರೆ “ನೋಡು, ಗುಳಿಗೆಯ ಗುಣ” ಎಂದು ಒಬ್ಬರಿಗೊಬ್ಬರು ಕಣ್ಸನ್ನೆ ಮಾಡಿದರು. ಮಗಳಿಗೆ ಗಂಡು ಗೊತ್ತಾದ ಮೇಲಂತೂ ಆ ಹಾಳೆಯನ್ನು ಫ್ರಿಜ್ ಮೇಲಿಡಬೇಡಿ, ಬೀಗರ ಕಣ್ಣಿಗೆ ಬಿದ್ದೀತು ಎಂದು ಹೆಂಡತಿ ಅದನ್ನು ಸೀರೆಗಳ ಕೆಳಗೆ ಮುಚ್ಚಿಟ್ಟಳು. ಅವಳಿಗೆ ಗುಳಿಗೆಯ ಮೇಲೆ ಸಿಟ್ಟಿರಲಿಲ್ಲ, ಜನರ ಭಯವಿತ್ತು. ಆದರೆ ನನ್ನ ಔಷಧಿಗಾಗಿ ದಿನಾ ಸೀರೆ ಸರಿಸಬೇಕಾದಾಗ ನನಗೆ ಮೈಯೆಲ್ಲ ಉರಿಯುತ್ತಿತ್ತು.

ಧಾರೆಯ ಮಾತು ಬಂದದ್ದು ಇದೆಲ್ಲದರ ಮೇಲೆ. ಹಾಗಾಗಿ ನಾನು ಹಟ ಹಿಡಿದೆ. ಅವರು ಬಂದ್ ಗುಳಿಗೆಯನ್ನು ಮೂರು ದಿನ ಮುಂಚಿನಿಂದಲೇ ನುಂಗಿ ಎಂದರು. ನಾನು ಆಗಲ್ಲ ಎಂದೆ. ಹಾಗಾದರೆ ಮದುವೆಯ ದಿನವಾದರೂ ಎರಡು ಮೂರು ತಗೊಳ್ಳಿ ಎಂದರು. “ಒಂದೂ ತಗೊಳ್ಳೂದಿಲ್ಲ, ಏನ್ ಮಾಡ್ಕೋತೀರಿ ಮಾಡ್ಕೋರಿ!” ಎಂದು ಕೂಗಿದೆ. ನಿಜಕ್ಕೂ ನಾನು ಠಾಣೆಗೆ ಹೋಗಿ ಡಾಕ್ಟರಮ್ಮನನ್ನು ಕೇಳಿಕೊಂಡು ಬಂದಿದ್ದೆ. ಬೆಳಿಗ್ಗೆ ಒಂದು ತೆಗೆದುಕೊಳ್ಳಿ, ಹೆಚ್ಚು ಬೇಡ, ನೀರು ಕುಡಿಯುತ್ತಿರಿ ಎಂದಿದ್ದರು. ಅದನ್ನು ಮನೆಯಲ್ಲಿ ಯಾರಿಗೂ ಹೇಳಲಿಲ್ಲ. ಯಾಕೆ ಹೇಳಬೇಕು? ಇವರಿಗೆ ಲೆಕ್ಕ ಒಪ್ಪಿಸಲು ನಾನೇನು ಸ್ಕೂಲ್ ಹುಡುಗನೇ?

ಮದುವೆ ಕಲ್ಯಾಣದ ಒಂದು ಹಾಲ್‌ನಲ್ಲಿ. ಮೇ ತಿಂಗಳ ಸೆಕೆ. ಬೆಳಿಗ್ಗೆ ಎದ್ದು ಸ್ನಾನ ಮಾಡಿ, ಮಡಿ ಉಟ್ಟು, ಬಚ್ಚಲಮನೆಯಲ್ಲೇ ನನ್ನ ಒಂದು ಗುಳಿಗೆ ನುಂಗಿದೆ. ಧಾರೆಯಾಗುವ ತನಕ ಹೆಣ್ಣಿನ ತಂದೆ-ತಾಯಿಗೆ ಉಪವಾಸ, ಹಾಲು ಹಣ್ಣು ಮಾತ್ರ ನಡೆಯುತ್ತದೆ. ಆವತ್ತು ಎಲ್ಲರಿಗೂ ನನ್ನ ಮೇಲೆ ಎಲ್ಲಿಲ್ಲದ ಪ್ರೀತಿ. ಹೆಂಡತಿ ಕೇಸರಿ ಹಾಕಿದ ಹಾಲಿನ ಲೋಟ ತಂದು, ಪೂರ್ತಿ ಕುಡಿಯುವ ತನಕ ಎದುರಿಗೇ ನಿಂತಳು. ತಿಂಗಳಿಡೀ ಜಗಳವಾಡಿದವಳು ಇವತ್ತು ಕರಗಿದಳಲ್ಲ ಎಂದು ನನಗೆ ಸಮಾಧಾನವಾಯಿತು. ಸ್ವಲ್ಪ ಹೊತ್ತಿಗೆ ಅಕ್ಕ ಬಂದು, ಬಾಳೆಹಣ್ಣು ಕಿವುಚಿ ಹಾಲು-ಸಕ್ಕರೆ ಕಲಸಿದ ಶಿಕರಣಿಯನ್ನು ಬಟ್ಟಲಲ್ಲಿ ಕೊಟ್ಟಳು. “ತಿನ್ನೋ ಅಪ್ಪಾ, ಹೊಟ್ಟಿಗೆ ತಂಪು.” ತಿಂದೆ. ಮಂಟಪದ ಹತ್ತಿರ ಹೋದರೆ ಮೈದುನ ಸ್ಟೀಲ್ ಗ್ಲಾಸಿನಲ್ಲಿ ಎಳನೀರು ಹಿಡಿದು ನಿಂತಿದ್ದ.

“ಭಾವಾ, ಆಗಿದ್ದಾತು. ಇವತ್ತು ನೀವೇ ಎರೀರಿ. ಇದನ್ನ ಕುಡೀರಿ, ಸೆಕಿ ಭಾಳ ಅದ.”

ನನ್ನ ಕಣ್ಣು ಒದ್ದೆಯಾಯಿತು. ಇಂಥವನನ್ನು ಬೈದೆನಲ್ಲ ಎಂದು ಅವನ ಭುಜ ತಟ್ಟಿ ಗ್ಲಾಸು ಖಾಲಿ ಮಾಡಿದೆ. ಮೂರ್ಖ ನಾನು!

ಮಂಟಪದಲ್ಲಿ ಕುಳಿತ ಮೇಲೆ ಹೊಟ್ಟೆ ಸದ್ದೇ ಮಾಡಲಿಲ್ಲ. ಮೊದಲು ಖುಷಿಯಾಯಿತು. ಆಮೇಲೆ ಅದು ಊದತೊಡಗಿತು. ಧೋತರದ ಗಂಟು ಕೊರೆಯುವಷ್ಟು ಬಿಗಿಯಿತು, ತಟ್ಟಿದರೆ ಡೋಲಿನ ಹಾಗೆ ಸದ್ದು ಮಾಡೀತು ಅನ್ನಿಸಿತು. ನಾಲಿಗೆ ಒಣಗಿ ಅಂಗುಳಿಗೆ ಅಂಟಿತು. ಧೂಪದ ಹೊಗೆ, ಸೆಕೆ, ತಲೆಯೊಳಗೆ ಗುಂಯ್ ಅನ್ನುವ ಸದ್ದು. ಆಚಾರ್ರು ಗೋತ್ರ ಹೇಳಿ ಎಂದರು. ನನಗೆ ನನ್ನ ಗೋತ್ರ ಬಾಯಿಗೆ ಬರಲಿಲ್ಲ. ಹೆಂಡತಿಯೇ ಹೇಳಿದಳು. ಎದೆ ಒಮ್ಮೆ ಓಡುತ್ತಿತ್ತು, ಒಮ್ಮೆ ತಪ್ಪಿ ತಡವರಿಸುತ್ತಿತ್ತು.

ಕೆಳಗೆ ಹುಡುಗನ ಕೈ, ಅದರ ಮೇಲೆ ಮಗಳ ಕೈ, ಅದನ್ನು ಹಿಡಿದ ನನ್ನ ಕೈ. ಮಗಳ ಅಂಗೈ ಮೆಹಂದಿಯಿಂದ ಒರಟಾಗಿತ್ತು, ಬಿಸಿಯಾಗಿತ್ತು. ಅವಳು ನನ್ನ ಮುಖ ನೋಡಿ “ಪಪ್ಪಾ?” ಎಂದಳು. ನೀರಿನ ತಂಬಿಗೆ ಹಿಡಿದ ಹೆಂಡತಿಯ ಕೈ ಬಾಗುತ್ತಿರುವುದು ಕಂಡಿತು. ನನಗೆ ಕೊನೆಯದಾಗಿ ಕಂಡದ್ದು ಅಷ್ಟೇ.

ಎಚ್ಚರವಾದಾಗ ಊಟದ ಹಾಲ್‌ನ ಬೆಂಚಿನ ಮೇಲೆ ಅಂಗಾತ ಬಿದ್ದಿದ್ದೆ. ಮುಖದ ಮೇಲೆಲ್ಲ ನೀರು. ಯಾರೋ ಈರುಳ್ಳಿ ಮೂಸಿಸುತ್ತಿದ್ದರು. ಮೇಲಿನ ಮಹಡಿಯಿಂದ ವಾಲಗ ಕೇಳುತ್ತಿತ್ತು.

“ಧಾರಿ?” ಎಂದೆ.

“ಆತು, ಆತು. ನನ್ನ ತಮ್ಮ ಹಿಡದ. ಮುಹೂರ್ತ ತಪ್ಪಲಿಲ್ಲ, ನೀವು ಚಿಂತಿ ಮಾಡಬ್ಯಾಡ್ರಿ,” ಎಂದಳು ಹೆಂಡತಿ.

ನಾನು ವಾಲಿದ್ದೇ ತಡ, ಮೈದುನ ನನ್ನ ಕೈ ಬಿಡಿಸಿ ತನ್ನ ಕೈ ಇಟ್ಟನಂತೆ. ನೀರು ಅವನ ಕೈ ಮೇಲೆ ಬಿತ್ತು. ನಾನು ಮಲಗಿದ್ದ ಬೆಂಚಿನ ಪಕ್ಕ ಬೀಗರ ಕಡೆಯ ಹೆಂಗಸರಿಬ್ಬರು ಹಾದುಹೋಗುತ್ತ, “ಇವರ ಹೊಟ್ಟಿದು ಮೊದಲಿಂದನೂ ಹಂಗs ಅಂತ, ಮನಿಯವರು ಬ್ಯಾಡ ಅಂದ್ರೂ ಕೂತಾರ” ಎನ್ನುತ್ತಿದ್ದರು.

ಆಸ್ಪತ್ರೆಯ ತುರ್ತು ವಿಭಾಗದಲ್ಲಿ ಒಬ್ಬ ತರುಣ ಡಾಕ್ಟರ್ ಎದೆಗೆ ತಂತಿಗಳನ್ನು ಅಂಟಿಸಿ, ಹೊರಬಂದ ಕಾಗದ ನೋಡಿ ಹುಬ್ಬು ಗಂಟಿಕ್ಕಿದ. ಏನು ತೆಗೆದುಕೊಂಡಿರಿ ಎಂದು ಹಿಂದಿಯಲ್ಲಿ ಕೇಳಿದ. ಎಂದಿನ ರಾತ್ರಿ ಗುಳಿಗೆ, ಬೆಳಿಗ್ಗೆ ಒಂದು ಬಂದ್ ಗುಳಿಗೆ ಎಂದೆ.

“ಒಂದಕ್ಕೆ ಹೀಗಾಗುವುದಿಲ್ಲ. ಸರಿಯಾಗಿ ಹೇಳಿ. ಇಲ್ಲದಿದ್ದರೆ ನಾನು ಏನಂತ ಚಿಕಿತ್ಸೆ ಮಾಡಲಿ?”

“ದೇವರಾಣೆ ಒಂದೇ!” ಎಂದೆ.

ಹಾಸಿಗೆಯ ಪಕ್ಕ ರೇಷ್ಮೆ ಸೀರೆಯಲ್ಲಿ ನಿಂತಿದ್ದ ಹೆಂಡತಿ ಸೆರಗು ಬಾಯಿಗೆ ಒತ್ತಿಕೊಂಡಳು. “ನೀವು ತಗೊಂಡಿದ್ರೇನು?” ಎಂದಳು. “ಒಂದೂ ತಗೊಳ್ಳೂದಿಲ್ಲ ಅಂದಿದ್ರಲ್ರೀ... ಅದಕ್ಕ ನಾ ಹಾಲಿನ್ಯಾಗ ಎರಡು ಪುಡಿ ಮಾಡಿ ಹಾಕಿದ್ದೆ.”

ಅಕ್ಕ ಗೋಡೆಗೆ ಕೈ ಕೊಟ್ಟಳು. “ಅಯ್ಯೋ ದೇವರೇ! ನೀನೂ ಹಾಕಿದ್ಯಾ? ನಾ ಶಿಕರಣಿಯೊಳಗ ಹಾಕಿದ್ನಲ್ಲೇ!”

ಮೈದುನನಿಗೆ ಫೋನ್ ಮಾಡಿದರು. ಅವನು ಪಂಕ್ತಿಯಲ್ಲಿ ಬಡಿಸುತ್ತಿದ್ದ. ಎಳನೀರಿನ ಮಾತು ಕೇಳಿ ಮೊದಲು ಇಲ್ಲ ಎಂದ. ಆಮೇಲೆ ಸ್ವಲ್ಪ ಎಂದ. ಡಾಕ್ಟರ್ ಫೋನ್ ಕಸಿದುಕೊಂಡು ಗದರಿಸಿದ ಮೇಲೆ, ಖಾತ್ರಿ ಇರಲಿ ಎಂದು ನಾಲ್ಕು ಹಾಕಿದ್ದೆ ಎಂದು ಒಪ್ಪಿಕೊಂಡ. ಮೂವರಿಗೂ ಗುಳಿಗೆ ತಂದುಕೊಟ್ಟವನು ಅವನೇ. ಒಬ್ಬರು ಹಾಕಿದ್ದು ಇನ್ನೊಬ್ಬರಿಗೆ ತಿಳಿಯದು. ಒಬ್ಬರು ಮರೆತರೆ ಇನ್ನೊಬ್ಬರಾದರೂ ಇರಲಿ ಎಂದು ಒಬ್ಬೊಬ್ಬರಿಗೂ ಗುಟ್ಟಾಗಿ ಕೊಟ್ಟಿದ್ದನಂತೆ, ಅರ್ಧ ಡಾಕ್ಟರ್!

ತರುಣ ಡಾಕ್ಟರ್ ಹಣೆ ಹಣೆ ಬಡಿದುಕೊಂಡ. ಉಪವಾಸದ ಮೈ, ಸೆಕೆ, ಬೆವರು, ರಾತ್ರಿಯ ಗುಳಿಗೆ ಬೇರೆ, ಅದರ ಮೇಲೆ ಇಷ್ಟು. ಕರುಳು ನಿಂತಿದೆ, ಎದೆಯ ಬಡಿತ ತಪ್ಪುತ್ತಿದೆ, ನಾಳೆಯವರೆಗೂ ಏಳುವ ಹಾಗಿಲ್ಲ ಎಂದ. ನಾನು ಮಾನಿಟರಿನ ಟಿಕ್ ಟಿಕ್ ಕೇಳುತ್ತ ಸಲೈನ್ ಬಾಟಲಿ ನೋಡುತ್ತ ಮಲಗಿದ್ದೆ. ಆ ಹೊತ್ತಿಗೆ ಹಾಲ್‌ನಲ್ಲಿ ಮಗಳನ್ನು ಬೀಗರಿಗೆ ಒಪ್ಪಿಸಿಕೊಟ್ಟರು. ಅದಕ್ಕೂ ನಾನಿಲ್ಲ. ಹೆಂಡತಿ ಅಲ್ಲಿಗೂ ಇಲ್ಲಿಗೂ ಓಡಾಡಿ ಅತ್ತು ಅತ್ತು ಕಣ್ಣು ಬಾತಿಸಿಕೊಂಡಿದ್ದಳು. ಅವಳನ್ನು ನೋಡಿ ಅಯ್ಯೋ ಅನ್ನಿಸಲಿಲ್ಲ, ಸುಳ್ಳು ಯಾಕೆ ಹೇಳಲಿ. ಕೈಗೆ ಸೂಜಿ ಚುಚ್ಚಿರದಿದ್ದರೆ ಆ ಹಾಲಿನ ಲೋಟ ಹುಡುಕಿ ಗೋಡೆಗೆ ಎಸೆಯುತ್ತಿದ್ದೆ.

“ಯಾಕ ಹಾಕಿದಿ?” ಎಂದೆ.

“ನಡುವ ಎದ್ದು ಹೋದ್ರ ಮಂದಿ ನಗ್ತಾರಂತ.”

“ಈಗ ನಗಲಿಲ್ಲೇನು?”

“ಇಲ್ಲ,” ಎಂದಳು. “ಎಲ್ಲಾರೂ ಪಾಪ ಅಂದ್ರು.”

ಮನೆಗೆ ಬಂದ ಮೇಲೆ ನಡೆದದ್ದು ಇನ್ನೂ ಚೆನ್ನಾಗಿದೆ. ನಿಜ ಸಂಗತಿ ಯಾರಿಗೂ ಹೇಳಬಾರದು ಎಂದು ಹೆಂಡತಿ ಕೈಮುಗಿದಳು. ಹೆಣ್ಣಿನ ಮನೆಯವರು ಯಜಮಾನನಿಗೇ ಮದ್ದು ಹಾಕಿದರು ಎಂದು ಬೀಗರಿಗೆ ಗೊತ್ತಾದರೆ ಮಗಳ ಗತಿಯೇನು ಎಂದಳು. ಹಾಗಾಗಿ ಊರಿಗೆಲ್ಲ ಗೊತ್ತಿರುವ ಕಥೆ ಒಂದೇ. ಹಟಮಾರಿ ತಂದೆ, ಕೆಟ್ಟ ಹೊಟ್ಟೆ, ಮಂಟಪದಲ್ಲೇ ಬಿದ್ದ, ಪುಣ್ಯಕ್ಕೆ ಸೋದರಮಾವ ಮಾನ ಉಳಿಸಿದ. ಗಾಡಿಯಲ್ಲಿ, ಸೊಸೈಟಿಯ ಲಿಫ್ಟಿನಲ್ಲಿ, ಭಾಜಿ ಮಾರ್ಕೆಟ್ಟಿನಲ್ಲಿ ಕಂಡವರೆಲ್ಲ ಕೇಳುವುದು ಅದನ್ನೇ, “ಹೊಟ್ಟಿ ಹ್ಯಾಂಗದ್ರೀ ಈಗ?” ನನ್ನ ಹೊಟ್ಟೆ ಚೆನ್ನಾಗಿದೆ ಮಹರಾಯರೇ! ನನ್ನ ಹೊಟ್ಟೆ ಆವತ್ತು ಏನೂ ಮಾಡಿರಲಿಲ್ಲ. ಜೀವನದಲ್ಲಿ ಅದು ನಿರಪರಾಧಿಯಾಗಿದ್ದ ಒಂದೇ ದಿನ ಅದನ್ನು ಗಲ್ಲಿಗೇರಿಸಿದರು. ಮೈದುನನಂತೂ ಆಲ್ಬಮ್ ತಂದು ತೋರಿಸಿದ. ಧಾರೆಯ ಫೋಟೊದಲ್ಲಿ ನನ್ನ ಮಗಳ ಕೈ ಹಿಡಿದು ಅವನು ಗಂಭೀರವಾಗಿ ಕುಳಿತಿದ್ದಾನೆ. ಮೂಲೆಯಲ್ಲಿ ಯಾರೋ ಎತ್ತಿ ಹಿಡಿದ ನನ್ನ ಕಾಲು ಕಾಣುತ್ತದೆ. ಆ ದಿನದಿಂದ ಅವನು ನಮ್ಮ ಮನೆಗೆ ಬಂದರೆ ನಾನು ಒಳಗೆ ಹೋಗುತ್ತೇನೆ. ಈ ಮನೆಯಲ್ಲಿ ಬೇರೆಯವರ ಕೈಯಿಂದ ಒಂದು ಲೋಟ ನೀರನ್ನೂ ಕುಡಿಯುವುದಿಲ್ಲ. ಚಹಾ ನಾನೇ ಮಾಡಿಕೊಳ್ಳುತ್ತೇನೆ. ಹೆಂಡತಿಗೆ ಇದರಿಂದ ನೋವಾಗುತ್ತದೆ, ಗೊತ್ತು. ಆಗಲಿ.

ಮಳೆಗಾಲ ಶುರುವಾದ ಮೇಲೆ ಒಂದು ದಿನ ಸ್ಟೇಷನ್ ಹತ್ತಿರ ಮದುವೆ ಮಾಡಿಸಿದ ಆಚಾರ್ರು ಸಿಕ್ಕರು. ಕೊಡೆ ಮಡಚಿ, ಆರೋಗ್ಯ ವಿಚಾರಿಸಿದರು. ಆಮೇಲೆ ತಲೆ ಅಲ್ಲಾಡಿಸಿದರು.

“ನಿಮ್ಮ ಮಗಳು ಭಾಳ ಶಾಣ್ಯಾ ಹುಡುಗಿರೀ. ಅಷ್ಟೆಲ್ಲಾ ತಯಾರಿ ಮಾಡಿದ್ಲು. ಪಾಪ, ಉಪಯೋಗ ಆಗಲಿಲ್ಲ.”

“ಏನು ತಯಾರಿ?”

ಅವರು ನನ್ನನ್ನೇ ನೋಡಿದರು. “ನಿಮಗ ಗೊತ್ತಿಲ್ಲೇನು? ಮದುವಿಗೆ ವಾರ ಮೊದಲs ನಮ್ಮ ಮನಿಗೆ ಬಂದಿದ್ಲು. ಮುಹೂರ್ತದ ಹೊತ್ತು ಎಲ್ಲಿಂದ ಎಲ್ಲಿತನಾ ಅದ ಅಂತ ಕೇಳಿದ್ಲು. ಸಾಕಷ್ಟು ಹೊತ್ತದವ್ವಾ ಅಂದೆ. ಹಂಗಿದ್ರ ನಮ್ಮ ಪಪ್ಪಾ ನಡುವ ಏಳಬಹುದು, ಎದ್ರ ನೀವು ಏನೂ ಅನಬಾರದು, ಮಂತ್ರ ನಿಧಾನ ಹೇಳ್ರಿ, ಅವರು ಬರೂತನಾ ನಾ ಕೂತಿರ್ತೀನಿ ಅಂದ್ಲು. ಮಂಟಪದ ಹಿಂದಿನ ಬಚ್ಚಲದಾಗ ಎರಡು ಬಕೀಟು ನೀರು ತುಂಬಿಸಿಟ್ಟು, ಇನ್ನೊಂದು ಮಡಿ ಧೋತರ ಒಣಗಿಸಿ ಅಲ್ಲೇ ಗಳಕ್ಕ ಹಾಕ್ಸಿದ್ಲು. ಹುಡುಗನ ಕಡೆಯವರಿಗೂ ತಾನೇ ಹೇಳಿದ್ಲಂತ, ಅವರೂ ಆಗಲಿ ಅಂದ್ರು.”

ಮಳೆಯಲ್ಲೇ ನಿಂತುಬಿಟ್ಟೆ. ಆಚಾರ್ರು ಗಾಡಿ ಹಿಡಿಯಲು ಓಡಿದರು. ಯಾವ ಬೀಗರ ಹೆದರಿಕೆಗೆ ಹಾಲಿನಲ್ಲಿ, ಹಣ್ಣಿನಲ್ಲಿ, ಎಳನೀರಿನಲ್ಲಿ ನನಗೆ ಮದ್ದು ಹಾಕಿದರೋ, ಆ ಬೀಗರು ಮೊದಲೇ ಆಗಲಿ ಅಂದಿದ್ದರು. ನೀರು ತುಂಬಿತ್ತು, ಧೋತರ ಒಣಗಿತ್ತು, ಹೊತ್ತೂ ಇತ್ತು. ನನ್ನ ಹೊಟ್ಟೆಯ ವಿಷಯ ಡೊಂಬಿವಲಿಯಿಂದ ಘೋಡಬಂದರ್‌ವರೆಗೆ ಎಲ್ಲರ ಬಾಯಲ್ಲೂ ಓಡಾಡಿ, ನನ್ನ ಕಿವಿಯೊಂದನ್ನು ಮಾತ್ರ ಬಿಟ್ಟಿತ್ತು.

ಅಲ್ಲೇ ಅಂಗಡಿಯೊಂದರ ಸೂರಿನ ಕೆಳಗೆ ನಿಂತು ಮಗಳಿಗೆ ಫೋನ್ ಹಚ್ಚಿದೆ. ಅವಳು ಇಲ್ಲೇ ಹುಟ್ಟಿ ಬೆಳೆದವಳು, ನಾನು ಕನ್ನಡದಲ್ಲಿ ಕೇಳಿದರೆ ಮರಾಠಿಯಲ್ಲಿ ಉತ್ತರ ಕೊಡುವವಳು.

“ಆಚಾರ್ರಿಗೆ ಹೇಳ್ತಿ, ಬೀಗರಿಗೆ ಹೇಳ್ತಿ. ನನಗ ಒಂದು ಮಾತು ಹೇಳಲಿಕ್ಕೆ ಏನಾಗಿತ್ತ ನಿನಗ?” ಎಂದು ಕೂಗಿದೆ. ಅಂಗಡಿಯವನು ತಿರುಗಿ ನೋಡಿದ. “ನಿಮ್ಮವ್ವಗಾದ್ರೂ ಹೇಳಬೇಕಿತ್ತೋ ಬ್ಯಾಡೋ? ಬಾಯಿ ಇದ್ದಿದ್ದಿಲ್ಲೇನು?”

ಮೂಗು ಎಳೆಯುವ ಸದ್ದು ಕೇಳಿತು. ಆಮೇಲೆ ಕನ್ನಡದಲ್ಲೇ, ತಡವರಿಸಿ ಹೇಳಿದಳು.

“ಹೇಳಿದ್ರ ನೀವು ಸಿಟ್ಟಿಗೇಳ್ತಿದ್ರಿ, ಪಪ್ಪಾ.”

“ಏಳ್ತಿದ್ದೆ!” ಎಂದೆ. “ಸಿಟ್ಟಿಗೇಳ್ತಿದ್ದೆ, ಬೈತಿದ್ದೆ, ಎರಡು ದಿನಾ ನಿನ್ನ ಜೋಡಿ ಮಾತು ಬಿಡ್ತಿದ್ದೆ. ಆಮ್ಯಾಲ ಮಂಟಪದಿಂದ ಎಲ್ಲಾರ ಮುಂದ ಎದ್ದು ಹೋಗಿ, ನೀರು ಹಾಕ್ಕೊಂಡು ಬಂದು, ನನ್ನ ಕೈಯಾರೆ ನಿನ್ನ ಧಾರಿ ಎರೀತಿದ್ದೆನಲ್ಲವ್ವಾ.”